ಕಾಣದ ಕೀಲಿಕೈಗಳ ಚಾರ್ಜು

ಕೋಟೆಗಳು ಬೀಳುವದು ಯಾವಾಗಲೂ ಗೋಡೆಯ ದೌರ್ಬಲ್ಯದಿಂದಲ್ಲ. 1687ನೆಯ ಇಸವಿಯಲ್ಲಿ ಔರಂಗಜೇಬನ ಸೈನ್ಯವು ಸುಮಾರು ಎಂಟು ತಿಂಗಳ ಕಾಲ ಮುತ್ತಿಕೊಂಡು ಕುಳಿತರೂ ಗೋಲ್ಕೊಂಡದ ಗೋಡೆಯು ಕದಲಲಿಲ್ಲ. ಕಡೆಗೆ ಒಳಗಿನ ಸರದಾರನೊಬ್ಬನು ರಾತ್ರಿಯಲ್ಲಿ ಬಾಗಿಲೊಂದನ್ನು ತೆರೆದುಕೊಟ್ಟನು. ಕುತುಬಶಾಹಿ ರಾಜ್ಯವು ಅಲ್ಲಿಗೆ ಮುಗಿಯಿತು. ಬಹಮನಿ, ವಿಜಯನಗರ, ವಿಜಾಪುರಗಳು ತಲೆತಲಾಂತರ ಸೆಣಸಾಡಿದ ಮುದಗಲ್ ಕೋಟೆಯ ನೆರಳಿನಲ್ಲಿ ಬಾಳುವ ನಮ್ಮ ಜನರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಕಂದಕವು ಎಷ್ಟೇ ಆಳವಾಗಿರಲಿ, ಗೋಡೆಯು ಎಷ್ಟೇ ದಪ್ಪವಾಗಿರಲಿ, ಬಾಗಿಲಿನ ಕೀಲಿಕೈ ಯಾರ ಸೊಂಟದಲ್ಲಿರುವದು ಎಂಬುದೇ ಕೊನೆಯ ಪ್ರಶ್ನೆ.

ಇಂದು ನಮ್ಮ ಹೊಲಮನೆಗಳ ಕಾಗದಪತ್ರಗಳೆಲ್ಲ ಮತ್ತೊಂದು ಬಗೆಯ ಕೋಟೆಯನ್ನು ಸೇರಿಕೊಂಡಿವೆ. ಮುದಗಲ್ಲಿನ ನಾಡಕಚೇರಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕಾಗಿ ಹೋದ ವಿದ್ಯಾರ್ಥಿಯಾಗಲಿ, ಲಿಂಗಸುಗೂರಿನ ತಾಲೂಕು ಕಚೇರಿಗೆ ಪಹಣಿಗಾಗಿ ಹೋದ ರೈತನಾಗಲಿ, ಪಂಚಾಯತಿಯ ಕಟ್ಟೆಯ ಮೇಲೆ ಇ-ಸ್ವತ್ತಿನ ನಮೂನೆಗಾಗಿ ಕಾದು ಕುಳಿತ ಗೃಹಸ್ಥನಾಗಲಿ, ಕೈಗೆ ಬರುವ ಕಾಗದದ ಮೇಲೆ ಶಾಯಿಯ ರುಜುವನ್ನು ಕಾಣುವದಿಲ್ಲ. ಡಿಜಿಟಲ್ ಸಹಿಯನ್ನು ಕಾಣುತ್ತಾನೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸಾರಿತು. ಅದನ್ನು ರಚಿಸಿದವರು ಬರಿಯ ಪಾಸ್‌ವರ್ಡನ್ನು ನಂಬದೆ, ದಾಖಲೆಯನ್ನು ಮುಟ್ಟುವ ನೌಕರನ ಬೆರಳಿನ ಗುರುತನ್ನೂ ಯಂತ್ರವು ಕೇಳುವಂತೆ ಮಾಡಿದರು. ಈ ದೂರದೃಷ್ಟಿಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಬೆರಳಿನ ಗುರುತು ಮುಂಬಾಗಿಲಿನ ಕಾವಲು. ಇಂದು ನಾವು ವಾಚಕರ ಮುಂದೆ ಇಡಬಯಸುವದು ಹಿಂಬಾಗಿಲಿನ ಮಾತು.

ನಾವು ಯಂತ್ರಶಾಸ್ತ್ರದ ಪಂಡಿತರಲ್ಲ. ಆದರೂ ನೆಟ್ಟಗೆ ಕೇಳಿ ತಿಳಿದುಕೊಂಡರೆ ಈ ವಿಷಯವು ಸಾಮಾನ್ಯ ಬುದ್ಧಿಗೆ ನಿಲುಕದಂತಹದೇನೂ ಅಲ್ಲ. ಕಚೇರಿಯ ಕಿಟಕಿಯಲ್ಲಿ ಕುಳಿತ ನೌಕರನು ನೋಡುವದು ಬಣ್ಣಬಣ್ಣದ ಪರದೆ. ದೂರದ ಕೋಣೆಯಲ್ಲಿರುವ ಸರ್ವರ್ ಯಂತ್ರಗಳನ್ನು ನೋಡಿಕೊಳ್ಳುವವನು ನೋಡುವದೋ, ಚಿತ್ರವಿಲ್ಲದ ಕಪ್ಪು ಪರದೆ. ಅದರ ಮೇಲೆ ಅವನು ಒಂದೊಂದೇ ಸಾಲಿನಲ್ಲಿ ಆಜ್ಞೆಯನ್ನು ಬೆರಳಚ್ಚು ಮಾಡುತ್ತಾನೆ; ಯಂತ್ರವು ನೆರವೇರಿಸುತ್ತದೆ. ಇದನ್ನೇ ಕಮಾಂಡ್ ಲೈನ್ ಎಂದು ಕರೆಯುವರು. ಅಲ್ಲಿಗೆ ಪ್ರವೇಶಿಸಲು ಕೀಲಿಕೈ ಬೇಕು. ಅಷ್ಟೇ ಅಲ್ಲ, ಒಂದು ಯಂತ್ರವು ಇನ್ನೊಂದು ಯಂತ್ರದಿಂದ ದಾಖಲೆಯನ್ನು ತರಿಸಿಕೊಳ್ಳಬೇಕಾದರೆ ಅದಕ್ಕೂ ಕೀಲಿಕೈ ಬೇಕು. ಅಲ್ಲಿ ಅಧಿಕಾರಿಯೂ ಇಲ್ಲ, ಬೆರಳೂ ಇಲ್ಲ. ಯಂತ್ರದ ಹೊಟ್ಟೆಯಲ್ಲಿಟ್ಟ ಒಂದು ಸಣ್ಣ ಕಡತವೇ ಕೀಲಿಕೈಯಾಗಿರುತ್ತದೆ.

ಇವುಗಳಲ್ಲಿ ಎರಡು ಪದ್ಧತಿಗಳು ಮುಖ್ಯವಾದವು. ಒಂದನೆಯದು ಎಸ್‌ಎಸ್‌ಎಚ್. ಫಿನ್ಲೆಂಡಿನ ಹೆಲ್ಸಿಂಕಿಯ ತಂತ್ರವಿಜ್ಞಾನ ವಿದ್ಯಾಪೀಠದ ಜಾಲದಲ್ಲಿ ಪಾಸ್‌ವರ್ಡುಗಳನ್ನು ಕದ್ದು ಕೇಳಿದ ಪ್ರಸಂಗವು ನಡೆದ ಮೇಲೆ, ತಾತು ಯ್ಲೊನೆನ್ ಎಂಬವನು 1995ರಲ್ಲಿ ಇದನ್ನು ರಚಿಸಿದನು. ಇದರಲ್ಲಿ ಕೀಲಿಯೂ ಕೀಲಿಕೈಯೂ ಜೊತೆಯಾಗಿ ಹುಟ್ಟುವವು. ಕೀಲಿಯನ್ನು ಬೇಕಾದಷ್ಟು ಬಾಗಿಲುಗಳಿಗೆ ಹಂಚಿ ಜಡಿಯಬಹುದು, ಅದರಲ್ಲಿ ಗುಟ್ಟಿಲ್ಲ. ಕೀಲಿಕೈ ಮಾತ್ರ ಒಡೆಯನ ಬಳಿಯಲ್ಲೇ ಉಳಿಯಬೇಕು. ಯಾರು ಯಾರ ಕೀಲಿಗಳಿಗೆ ತನ್ನ ಬಾಗಿಲಲ್ಲಿ ಸ್ಥಾನವುಂಟೆಂಬುದನ್ನು ಸರ್ವರು ‘ಆಥರೈಜ್ಡ್ ಕೀಸ್’ ಎಂಬ ಒಂದು ಕಡತದಲ್ಲಿ ಒಬ್ಬರಿಗೆ ಒಂದು ಸಾಲಿನಂತೆ ಬರೆದಿಟ್ಟುಕೊಂಡಿರುತ್ತದೆ.

ಎರಡನೆಯದು ಕರ್ಬರಾಸ್. 1980ರ ದಶಕದಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಹುಟ್ಟಿದ ಇದಕ್ಕೆ ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರನ್ನಿಟ್ಟರು. ಯಮನ ಹಾದಿಯನ್ನು ಕಾಯುವ ನಾಲ್ಕು ಕಣ್ಣಿನ ನಾಯಿಗಳ ಜೋಡಿಯನ್ನು ಋಗ್ವೇದದಲ್ಲಿ ಕಂಡ ನಮಗೆ ಈ ಹೆಸರು ಅಪರಿಚಿತವೆನಿಸದು. ಇಲ್ಲಿ ದ್ವಾರಪಾಲಕನು ಬಂದವನನ್ನು ಗುರುತಿಸಿ ಕೆಲವು ಗಂಟೆಗಳ ಮಟ್ಟಿಗೆ ನಡೆಯುವ ಚೀಟಿಯೊಂದನ್ನು ಕೊಡುತ್ತಾನೆ. ಒಳಗಿನ ಸೇವೆಯು ಆ ಚೀಟಿಯನ್ನು ತನ್ನದೇ ಗುಪ್ತ ಕೀಲಿಕೈಯಿಂದ ಬಿಚ್ಚಿ ನೋಡಿ ಒಳಬಿಡುತ್ತದೆ. ಸೇವೆಯ ಆ ಗುಪ್ತ ಕೀಲಿಕೈ ಇರುವ ಕಡತಕ್ಕೆ ಕೀ-ಟ್ಯಾಬ್ ಎಂದು ಹೆಸರು. ಇದನ್ನು ನಕಲು ಮಾಡಿಕೊಂಡವನು ತಾನೇ ಆ ಸೇವೆಯೆಂದು ನಟಿಸಬಹುದು. ಅದರ ಬಾಗಿಲಿಗೆ ಸುಳ್ಳು ಚೀಟಿಯನ್ನೂ ಸೃಷ್ಟಿಸಬಹುದು. 2000ನೆಯ ಇಸವಿಯಿಂದೀಚೆಗೆ ವಿಂಡೋಸಿನ ಕಚೇರಿ ಜಾಲಗಳೂ ಈ ಪದ್ಧತಿಯನ್ನೇ ಅನುಸರಿಸುತ್ತ ಬಂದಿರುವದರಿಂದ, ಹೆಸರನ್ನು ಕೇಳದಿದ್ದವರೂ ದಿನವೂ ಇದರ ಚೀಟಿಯಿಂದಲೇ ಒಳಹೊರಗೆ ತಿರುಗುತ್ತಿರಬಹುದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಬ್ಬಿಣದ ಕೀಲಿಕೈಗೂ ಈ ಕೀಲಿಕೈಗೂ ಇರುವ ಭೇದವೇನು? ಕಬ್ಬಿಣದ್ದು ಕಳುವಾದರೆ ಗೂಟದ ಮೇಲೆ ಇಲ್ಲವೆಂದು ಬೆಳಗಾದೊಡನೆ ತಿಳಿಯುವದು. ಕೂಗೆದ್ದು ಕೀಲಿಯನ್ನು ಬದಲಿಸುವರು. ಇದಾದರೋ ಕಳುವಾದ ಮೇಲೆಯೂ ಮನೆಯಲ್ಲೇ ಇರುವದು. ನಕಲಾದುದಕ್ಕೆ ಅದರ ಮೇಲೆ ಗೀರು ಕೂಡ ಬೀಳುವದಿಲ್ಲ. ಆದಕಾರಣ ‘ಕಳೆದಾಗ ನೋಡೋಣ’ ಎಂಬ ನಮ್ಮ ಹಳೆಯ ಜಾಣತನವು ಇಲ್ಲಿ ನಡೆಯದು. ಎಷ್ಟು ಕೀಲಿಕೈಗಳಿವೆ, ಯಾರ ಬಳಿ ಇವೆ, ಯಾವ ದಿನ ಹುಟ್ಟಿದವು, ಯಾವ ದಿನ ಸಾಯಬೇಕು ಎಂಬ ಲೆಕ್ಕವನ್ನು ಮೊದಲೇ ಇಟ್ಟಿರುವದೊಂದೇ ಉಪಾಯ.

ಅನ್ಯರ ದೋಷವನ್ನು ಎಣಿಸುವದಕ್ಕೆ ಮುಂಚೆ ನಮ್ಮ ಮನೆಯದನ್ನೇ ಒಪ್ಪಿಕೊಳ್ಳುತ್ತೇವೆ. ನಮ್ಮ ಪತ್ರಿಕೆಯ ಪುಟಗಳನ್ನು ಅಚ್ಚಿಗೆ ಕಳುಹಿಸುವ ಸರ್ವರಿನಲ್ಲಿ, ಬುದ್ಧಿವಂತನಾದ ಹುಡುಗನೊಬ್ಬನು ಈಚೆಗೆ ಆ ಸಾಲುಗಳ ಕಡತವನ್ನು ತೆರೆದು ತೋರಿಸಿದನು. ಮೂರು ಸಾಲುಗಳಿದ್ದವು. ಒಂದು, ನಮ್ಮ ನೌಕರನದು. ಎರಡನೆಯದು, ಎರಡು ವರ್ಷಗಳ ಹಿಂದೆ ಕೆಲಸವನ್ನು ಮುಗಿಸಿ ಹಣ ಪಡೆದುಕೊಂಡು ಹೋದ ಗುತ್ತಿಗೆದಾರನದು. ಮೂರನೆಯದು ಯಾರದೆಂದು ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಈ ಅವಧಿಯಲ್ಲಿ ನಾವು ಪಾಸ್‌ವರ್ಡನ್ನು ಮೂರು ಸಲ ಬದಲಿಸಿ, ಜಾಗರೂಕರೆಂದು ಬೀಗುತ್ತಿದ್ದೆವು! ಪಾಸ್‌ವರ್ಡು ಬದಲಾದರೆ ಕೀಲಿಕೈಯ ಸಾಲು ತಾನಾಗಿ ಅಳಿಸಿಹೋಗುವದಿಲ್ಲವೆಂಬುದು ನಮಗೆ ಅಂದು ತಿಳಿಯಿತು. ಒಂದು ಚಿಕ್ಕ ಪತ್ರಿಕೆಯ ಗತಿಯೇ ಹೀಗಾದರೆ, ಲಕ್ಷಾಂತರ ಜನರ ಸ್ವತ್ತನ್ನು ಕಾಯುವ ಯಂತ್ರಗಳಲ್ಲಿ ಇಂತಹ ಅನಾಥ ಸಾಲುಗಳು ಎಷ್ಟಿರಬಹುದೆಂದು ಸಂಬಂಧಪಟ್ಟವರು ಎಣಿಸಿ ನೋಡುವದು ಒಳ್ಳೆಯದು.

ಇದು ಕಲ್ಪನೆಯ ಭಯವಲ್ಲವೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲಕ್ಕೆ ಕನ್ನ ಹಾಕಿ ಗುತ್ತಿಗೆದಾರರ ಠೇವಣಿಯ ಹಣದಲ್ಲಿ 11.5 ಕೋಟಿ ರೂಪಾಯಿಗಳನ್ನು ಸಾಗಿಸಿದ ಪ್ರಕರಣವು ಸಿಐಡಿಯವರೆಗೆ ಹೋಯಿತು. ಯಾವ ತಿಜೋರಿಯನ್ನೂ ಒಡೆದು ಒಯ್ದ ಹಣವಲ್ಲ ಅದು. ಪರದೆಯ ಹಿಂದಿನ ಕೋಣೆಯಿಂದ ಹೋದದ್ದು. ಅದಕ್ಕೂ ಐದು ವರ್ಷ ಮುಂಚೆ, 2014ರ ಜುಲೈ ತಿಂಗಳಲ್ಲಿ, ಕೇಂದ್ರ ಸರಕಾರದ ಎನ್‌ಐಸಿಯ ಮುದ್ರೆಯಿಂದ ಗೂಗಲ್ ಸಂಸ್ಥೆಯ ಹೆಸರಿನ ಖೊಟ್ಟಿ ಪ್ರಮಾಣಪತ್ರಗಳು ಹೊರಬಿದ್ದುದು ಪತ್ತೆಯಾಯಿತು. ಪ್ರಮಾಣಪತ್ರವನ್ನು ಕೊಡುವ ವ್ಯವಸ್ಥೆಯೇ ಕೆಟ್ಟಿತ್ತೆಂದು ತನಿಖೆಯಿಂದ ಹೊರಬಂದಿತು. ಪರಿಣಾಮವೇನು? ಭಾರತದ ಮೂಲಮುದ್ರೆಯನ್ನು ಇನ್ನು ಮುಂದೆ ಭಾರತದ್ದೇ ಏಳು ವಿಳಾಸಗಳ ಮಟ್ಟಿಗೆ ಮಾತ್ರ ನಂಬುವದಾಗಿ ಗೂಗಲಿನ ಕ್ರೋಮ್ ನಿರ್ಣಯಿಸಿತು. ಒಂದು ಸ್ವತಂತ್ರ ರಾಷ್ಟ್ರದ ಮುದ್ರೆಗೆ ಪರದೇಶದ ಸಂಸ್ಥೆಯೊಂದು ಹೀಗೆ ಎಲ್ಲೆ ಹಾಕಿದ್ದು ನಮಗೆ ನೋವಿನ ಸಂಗತಿಯೇ. ಆದರೆ ನೋವಿಗೆ ಕಾರಣವನ್ನು ಹೊರಗೆ ಹುಡುಕುವದು ನ್ಯಾಯವಲ್ಲ. ಮುದ್ರೆಯನ್ನು ಕಾಯಲಾರದವನ ಮುದ್ರೆಗೆ ಬೆಲೆ ಎಲ್ಲಿಂದ ಬರಬೇಕು?

ನಾವೊಬ್ಬರೇ ತಪ್ಪಿದವರೆಂದು ಯಾರೂ ಖಿನ್ನರಾಗಬೇಕಾದುದಿಲ್ಲ. 2006ರಿಂದ 2008ರ ಮೇ ತಿಂಗಳವರೆಗೆ ಡೆಬಿಯನ್ ಎಂಬ ಪ್ರಸಿದ್ಧ ವ್ಯವಸ್ಥೆಯಲ್ಲಿ, ಒಂದೆರಡು ಸಾಲು ತೆಗೆದುಹಾಕಿದ್ದರಿಂದ, ಕೀಲಿಕೈಗಳು ಒಂದೊಂದು ಜಾತಿಗೆ ಸುಮಾರು 32 ಸಾವಿರ ಬಗೆಗಳಲ್ಲಿ ಮಾತ್ರ ಹುಟ್ಟುತ್ತಿದ್ದವು. ಅಷ್ಟನ್ನೂ ಒಂದೊಂದಾಗಿ ಹಾಕಿ ನೋಡುವದು ಯಂತ್ರಕ್ಕೆ ಅತಿ ಸುಲಭದ ಕೆಲಸ. ಮೈಕ್ರೋಸಾಫ್ಟಿನಂತಹ ಕುಬೇರ ಸಂಸ್ಥೆಯ ಕಥೆಯು ಇನ್ನೂ ಬೋಧಪ್ರದವಾದುದು. ಅವರು ಸಹಿಯ ಕೀಲಿಕೈಗಳನ್ನು ಕೈಯಿಂದಲೇ ಬದಲಿಸುತ್ತಿದ್ದರು. ಹಾಗೆ ಬದಲಿಸುವಾಗ ಒಮ್ಮೆ ಸೇವೆಯು ನಿಂತು ಗದ್ದಲವಾದ್ದರಿಂದ 2021ರಲ್ಲಿ ಬದಲಿಸುವದನ್ನೇ ಬಿಟ್ಟುಬಿಟ್ಟರು. 2016ರಲ್ಲಿ ಹುಟ್ಟಿದ ಹಳೆಯ ಕೀಲಿಕೈಯೊಂದು ಹೀಗೆ ಜೀವಂತವಾಗಿ ಉಳಿದು, 2023ರಲ್ಲಿ ಅದನ್ನು ವಶಪಡಿಸಿಕೊಂಡವರು ಅಮೇರಿಕೆಯ ಸರಕಾರಿ ಇಲಾಖೆಗಳ ಟಪಾಲನ್ನೇ ಓದಿದರು. ‘ಬದಲಿಸಿದರೆ ಕೆಲಸ ನಿಂತೀತು, ಜನರು ಸಾಲುಗಟ್ಟಿ ನಿಂತಿದ್ದಾರೆ’ ಎಂದು ಹೇಳುವ ನಮ್ಮ ಅಧಿಕಾರಿಗಳು ಈ ಕಥೆಯನ್ನು ಎರಡು ಸಲ ಓದಬೇಕೆಂದು ಕೋರುತ್ತೇವೆ.

ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಕಮಾಂಡ್ ಲೈನಿಗೆ ದಾಕ್ಷಿಣ್ಯವಿಲ್ಲ. ‘ಸ್ವಾಮೀ, ನಿಜವಾಗಿಯೂ ಮಾಡಲೆ?’ ಎಂದು ಅದು ಎರಡನೆಯ ಸಲ ಕೇಳುವದು ಅಪರೂಪ. ಕರ್ಬರಾಸಿನ ಮೇಲ್ವಿಚಾರಣೆಗಾಗಿ ಕೆ-ಅಡ್ಮಿನ್ ಎಂಬ ಸಾಧನವಿದೆ. ಅದರಲ್ಲಿ ‘ಕೆಟಿ-ಆ್ಯಡ್’ ಎಂಬ ಆಜ್ಞೆಯ ಹೆಸರನ್ನು ಕೇಳಿದರೆ ಇದ್ದ ಕೀಲಿಕೈಯನ್ನು ಕಡತಕ್ಕೆ ಸೇರಿಸುವದು ಮಾತ್ರವೆಂದು ತೋರುತ್ತದೆ. ವಾಸ್ತವದಲ್ಲಿ ಅದು ಸಾಮಾನ್ಯವಾಗಿ ಹೊಸ ಕೀಲಿಕೈಯನ್ನೇ ಹುಟ್ಟಿಸಿ, ಅದಕ್ಕೆ ಮುಂದಿನ ಕ್ರಮಸಂಖ್ಯೆಯನ್ನು ಕೊಡುತ್ತದೆ. ಒಂದನೆಯ ಯಂತ್ರದಲ್ಲಿರುವ ಕೀಲಿಕೈಯ ಪ್ರತಿಯನ್ನು ಎರಡನೆಯದಕ್ಕೂ ಕೊಡೋಣವೆಂದು ಇದೇ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟವನು, ತನಗೆ ಅರಿವಿಲ್ಲದೆ ಮೊದಲನೆಯ ಯಂತ್ರದ ಕೀಲಿಕೈಯನ್ನು ನಿರುಪಯೋಗಿ ಮಾಡಿರುತ್ತಾನೆ. ಕಿಟಕಿಯ ಮುಂದೆ ನಿಂತ ರೈತನ ಕಿವಿಗೆ ಮಾತ್ರ ಆ ಚಿರಪರಿಚಿತ ಮಂತ್ರವೇ ಬೀಳುವದು: ‘ಸರ್ವರ್ ಇಲ್ಲ, ನಾಳೆ ಬಾ.’

ಹಾಗೆಂದು ಕಪ್ಪು ಪರದೆಯನ್ನು ದೂರುವದು ತಪ್ಪು. ಅದರಲ್ಲಿ ಒಂದು ದೊಡ್ಡ ಗುಣವುಂಟು. ಅಲ್ಲಿ ಮಾಡಿದ್ದನ್ನೆಲ್ಲ ಅಕ್ಷರಗಳಲ್ಲಿ ಬರೆದಿಡಬಹುದು, ಮತ್ತೊಬ್ಬನು ಓದಿ ಪರೀಕ್ಷಿಸಬಹುದು, ಬೇಕಾದಾಗ ಅದೇ ಕ್ರಮದಲ್ಲಿ ಪುನಃ ಮಾಡಬಹುದು. ಅಲ್ಲಿ ಕೇಳಬೇಕಾದ ಪ್ರಶ್ನೆಗಳೂ ಸರಳವಾದವು. ಕೀ-ಟ್ಯಾಬಿನಲ್ಲಿ ಎಷ್ಟನೆಯ ಸಂಖ್ಯೆಯ ಕೀಲಿಕೈಯಿದೆ ಎಂದರೆ ಕೆ-ಲಿಸ್ಟ್ ಎಂಬುದು ಹೇಳುತ್ತದೆ. ಎಸ್‌ಎಸ್‌ಎಚ್ ಕೀಲಿಗಳ ಬೆರಳಚ್ಚಿನ ಗುರುತು ಯಾವುದೆಂದರೆ ಎಸ್‌ಎಸ್‌ಎಚ್-ಕೀಜೆನ್ ಎಂಬುದು ಹೇಳುತ್ತದೆ. ಕೀಲಿಕೈಯ ಕಡತವನ್ನು ಒಡೆಯನಲ್ಲದೆ ಇತರರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲೊಪ್ಪದೆ ಎಚ್ಚರಿಕೆಯನ್ನು ಕೊಡುತ್ತದೆ; ಎಷ್ಟೋ ಮೇಲಧಿಕಾರಿಗಳಿಗಿಂತ ಹೆಚ್ಚಿನ ಶಿಸ್ತು ಆ ಯಂತ್ರಕ್ಕಿರುವದು! ಆದರೆ ಆಜ್ಞೆಯ ಸಾಲಿನಲ್ಲೇ ಪಾಸ್‌ವರ್ಡನ್ನು ಬರೆಯುವ ಚಾಳಿಯನ್ನು ಅದು ತಡೆಯದು. ಹಾಗೆ ಬರೆದದ್ದು ಆಜ್ಞೆಗಳ ಚರಿತ್ರೆಯ ಕಡತದಲ್ಲಿ ಉಳಿದು, ಮುಂದೆ ಬರುವವನ ಕಣ್ಣಿಗೆ ಬೀಳುತ್ತದೆ. ಯಂತ್ರವು ಹೇಳಬಲ್ಲುದು ಇಷ್ಟೇ. ಈ ಸಾಲಿನ ಒಡೆಯನು ಈಗಲೂ ನೌಕರಿಯಲ್ಲಿರುವನೆ, ವರ್ಗವಾಗಿ ದೇವದುರ್ಗಕ್ಕೆ ಹೋದನೆ, ಗುತ್ತಿಗೆ ತೀರಿ ಬೆಂಗಳೂರಿಗೆ ಹೋದನೆ ಎಂಬುದನ್ನು ಅದು ಅರಿಯದು. ಅದು ಕಚೇರಿಯ ಕೆಲಸ.

ಇಂತಹ ಕೆಲಸವು ನಮ್ಮ ಆಡಳಿತಕ್ಕೆ ಹೊಸದೆ? ಖಜಾನೆಯ ಭದ್ರಕೋಣೆಗೆ ಎರಡು ಕೀಲಿ. ಇಬ್ಬರ ಬಳಿ ಕೀಲಿಕೈ. ಒಬ್ಬನೇ ಹೋಗಿ ತೆರೆಯಲಾರನು. ಪ್ರತಿ ಕೀಲಿಕೈಗಳು ಬೇರೆಡೆ ಮೊಹರಿನಲ್ಲಿರುವವು. ಅಧಿಕಾರಿಯು ವರ್ಗವಾದರೆ ಚಾರ್ಜು ಪಟ್ಟಿಯಲ್ಲಿ ಅವುಗಳನ್ನು ಎಣಿಸಿ, ಕೊಟ್ಟವನೂ ಕೊಂಡವನೂ ರುಜು ಹಾಕುವರು. ಹಟ್ಟಿಯ ಗಣಿಯಲ್ಲಿ ತೆಗೆದ ಚಿನ್ನವನ್ನಿಡುವ ಕೋಣೆಯ ಕೀಲಿಕೈಯನ್ನು ನೌಕರಿ ಬಿಟ್ಟವನ ಕಿಸೆಯಲ್ಲಿ ಬಿಡುವ ಮೂಢರು ಯಾರಿದ್ದಾರೆ? ಕುರ್ಚಿ, ಕಪಾಟು, ಗೋಡೆಯ ಗಡಿಯಾರಗಳನ್ನು ಕೂಡ ಎಣಿಸಿ ಒಪ್ಪಿಸುವ ಪಟ್ಟಿಯಲ್ಲಿ ಸರ್ವರಿನ ಕೀಲಿಕೈಗಳಿಗೆ ಮಾತ್ರ ಒಂದು ಕಲಮು ಇಲ್ಲದಿರುವದು ಆಶ್ಚರ್ಯವಲ್ಲವೆ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಮಿನ ಪ್ರಕಾರ, ಡಿಜಿಟಲ್ ಸಹಿಯ ಒಡೆಯನು ತನ್ನ ಗುಪ್ತ ಕೀಲಿಕೈಯನ್ನು ತಕ್ಕ ಎಚ್ಚರದಿಂದ ತನ್ನ ಅಧೀನದಲ್ಲೇ ಇಟ್ಟುಕೊಳ್ಳಬೇಕು. ಅದು ಪರರ ಪಾಲಾಯಿತೆಂದು ತಿಳಿದೊಡನೆ ಪ್ರಮಾಣಪತ್ರವನ್ನು ಕೊಟ್ಟವರಿಗೆ ತಡವಿಲ್ಲದೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆಯು ಅವನದೇ. ತಮ್ಮ ಡೊಂಗಲನ್ನು ಮೇಜಿನ ಮೇಲೆ ಬಿಟ್ಟು, ಪಿನ್ ಸಂಖ್ಯೆಯನ್ನು ಆಪರೇಟರನಿಗೆ ಹೇಳಿ, ತಾವು ಸಭೆಗೆ ಹೊರಟುಹೋಗುವ ಮಹನೀಯರು ಈ ಕಲಮನ್ನು ಓದಿರುವರೆ? ಖಾಲಿ ಕಾಗದದ ಮೇಲೆ ರುಜು ಹಾಕಿಟ್ಟು ಹೋಗುವದಕ್ಕೂ ಇದಕ್ಕೂ ಯಾವ ಭೇದವೂ ಇಲ್ಲ. ಆ ಕಲಮಿನ ಅಕ್ಷರವು ಡಿಜಿಟಲ್ ಸಹಿಗೆ ಮಾತ್ರ ಅನ್ವಯಿಸುವದೆಂಬುದು ನಿಜ. ಅದರ ಧರ್ಮವು ಯಂತ್ರಗಳ ಕೀಲಿಕೈಗಳಿಗೂ ಅನ್ವಯಿಸಬೇಕಷ್ಟೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆಯು ಹೊರಡಿಸಿದ ಆದೇಶವಂತೂ ಸರಕಾರಿ ಕಚೇರಿಗಳನ್ನೂ ಒಳಗೊಂಡಿದೆ: ಜಾಲಕ್ಕೆ ಕನ್ನ ಬಿದ್ದುದನ್ನು ಅರಿತ ಆರು ಗಂಟೆಗಳೊಳಗೆ ವರದಿ ಮಾಡಬೇಕು; 180 ದಿನಗಳ ದಿನಚರಿಯನ್ನು ಕಾಪಾಡಿಡಬೇಕು. ಯಾರ ಕೀಲಿಕೈ ಯಾವುದೆಂದೇ ಬರೆದಿಡದ ಕಚೇರಿಯು ಆರು ಗಂಟೆಗಳಲ್ಲಿ ಏನನ್ನು ವರದಿ ಮಾಡೀತು?

ಆದುದರಿಂದ ನಮ್ಮ ಬೇಡಿಕೆಯು ದೊಡ್ಡದಲ್ಲ, ಖರ್ಚಿನದೂ ಅಲ್ಲ. ಒಂದನೆಯದಾಗಿ, ಸರ್ವರುಗಳನ್ನು ಆಳುವ ಪ್ರತಿಯೊಂದು ಇಲಾಖೆಯಲ್ಲಿ ಕೀಲಿಕೈಗಳ ರಜಿಸ್ಟರೊಂದಿರಲಿ. ಕೀಲಿಕೈಯ ಗುರುತು, ಕ್ರಮಸಂಖ್ಯೆ, ಒಡೆಯ, ಬಾಗಿಲು, ಹುಟ್ಟಿದ ದಿನ, ತೀರುವ ದಿನ ಇಷ್ಟನ್ನು ಅದರಲ್ಲಿ ಬರೆಯಲಿ, ಗುಪ್ತ ಕೀಲಿಕೈಯನ್ನು ಮಾತ್ರ ಎಂದಿಗೂ ಬರೆಯದಿರಲಿ. ಎರಡನೆಯದಾಗಿ, ಒಬ್ಬನಿಗೆ ಒಂದೇ ಕೀಲಿಕೈ. ನಾಲ್ವರು ಹಂಚಿಕೊಂಡದ್ದು ಯಾರದೂ ಅಲ್ಲ. ಮೂರನೆಯದಾಗಿ, ವರ್ಗ, ನಿವೃತ್ತಿ, ಗುತ್ತಿಗೆಯ ಮುಕ್ತಾಯ, ಯಾವುದೇ ಆಗಲಿ, ಅದೇ ದಿನ ಸಂಜೆಯೊಳಗೆ ಆ ಸಾಲು ಅಳಿಯಲಿ. ಹಂಚಿಕೊಂಡ ಕೀಲಿಕೈಗಳೆಲ್ಲ ಬದಲಾಗಲಿ. ಚಾರ್ಜು ಪಟ್ಟಿಯಲ್ಲಿ ಅದಕ್ಕೆ ಕಲಮಿರಲಿ. ಗುತ್ತಿಗೆಯ ಕರಾರಿನಲ್ಲೇ ಈ ಷರತ್ತನ್ನು ಬರೆದು, ಅದು ನೆರವೇರುವವರೆಗೆ ಕೊನೆಯ ಬಿಲ್ಲನ್ನು ತಡೆಯಲಿ. ನಾಲ್ಕನೆಯದಾಗಿ, ರಜೆಯ ದಿನವನ್ನು ಗೊತ್ತುಮಾಡಿಕೊಂಡು ವರ್ಷಕ್ಕೊಮ್ಮೆಯಾದರೂ ಕೀಲಿಕೈಗಳನ್ನು ಬದಲಿಸುವ ಅಭ್ಯಾಸವಾಗಲಿ. ರೂಢಿಯಿದ್ದ ಕಚೇರಿಯಲ್ಲಿ ಬದಲಾವಣೆಯಿಂದ ಸೇವೆಯು ನಿಲ್ಲುವದಿಲ್ಲ. ಏಳು ವರ್ಷಕ್ಕೊಮ್ಮೆ ಗಾಬರಿಯಲ್ಲಿ ಬದಲಿಸುವಲ್ಲಿ ಮಾತ್ರ ನಿಲ್ಲುವದು.

ಐದನೆಯದನ್ನು ಬೇರೆಯಾಗಿ ಹೇಳಬೇಕಾಗಿದೆ. ಈ ಆಜ್ಞೆಗಳ ಕ್ರಮವನ್ನೂ ಅವುಗಳ ಅಪಾಯಗಳನ್ನೂ ತಿಳಿಗನ್ನಡದಲ್ಲಿ ಬರೆದು ಕಚೇರಿ ಕಚೇರಿಗೆ ಕೊಡಬೇಕು. ಆಜ್ಞೆಯ ಶಬ್ದವು ಇಂಗ್ಲಿಷಿನದಾಗಿರಲಿ, ಅದರಿಂದ ನಮಗೆ ಕುಂದಿಲ್ಲ. ಅದರ ಅರ್ಥವು ಒಬ್ಬಿಬ್ಬರ ಗುಟ್ಟಾಗಿ ಉಳಿಯುವದು ಮಾತ್ರ ಕುಂದು. ಕನ್ನಡದಲ್ಲಿ ಅರ್ಥವಾದೊಡನೆ ತಹಶೀಲ್ದಾರರು, ಪುರಸಭೆಯ ಮುಖ್ಯಾಧಿಕಾರಿಗಳು, ಲೆಕ್ಕಪರಿಶೋಧಕರು ಪ್ರಶ್ನೆಯನ್ನು ಕೇಳಬಲ್ಲವರಾಗುವರು. ಆಜ್ಞೆಯನ್ನು ಬರೆಯಲು ಎಲ್ಲರೂ ಕಲಿಯಬೇಕಾದುದಿಲ್ಲ. ‘ಆ ಪಟ್ಟಿಯನ್ನು ತೆರೆದು ತೋರಿಸು, ಈ ಮೂರನೆಯ ಸಾಲು ಯಾರದು?’ ಎಂದು ಕೇಳುವ ಧೈರ್ಯವು ಎಲ್ಲ ಮೇಲಧಿಕಾರಿಗಳಿಗೂ ಬರಬೇಕು.

‘ಇದೆಲ್ಲ ತಾಂತ್ರಿಕ ಸಿಬ್ಬಂದಿಯ ವಿಷಯ’ ಎಂದು ಜಾರಿಕೊಳ್ಳುವವರಿಗೆ ನಮ್ಮ ಉತ್ತರವಿಷ್ಟೆ. ನಾರಾಯಣಪುರದ ಬಲದಂಡೆ ಕಾಲುವೆಯ ನೀರು ಕಂಡ ಎರಡೆಕರೆ ಹೊಲವೇ ಸರ್ವಸ್ವವಾಗಿರುವ ರೈತನು ತನ್ನ ಪಹಣಿಯಲ್ಲಿ ಒಂದು ಮುಂಜಾನೆ ಬೇರೆಯವರ ಹೆಸರನ್ನು ಕಂಡರೆ, ಅವನು ಕೆ-ಅಡ್ಮಿನನ್ನು ಕೇಳಲು ಹೋಗುವದಿಲ್ಲ. ಸರಕಾರದ ಬಾಗಿಲಿಗೆ ಬರುತ್ತಾನೆ. ಆಗ ಬಾಗಿಲಲ್ಲಿ ನಿಂತವರು ಕೀಲಿಕೈ ತಮ್ಮ ಬಳಿ ಇತ್ತೆಂದು ಎದೆ ತಟ್ಟಿ ಹೇಳಬಲ್ಲವರಾಗಿರಬೇಕು. ಮುಂದಿನ ವರ್ಗಾವಣೆಯ ಹಂಗಾಮು ಬರುವದರೊಳಗೆ ಚಾರ್ಜು ಪಟ್ಟಿಗೆ ಈ ಒಂದು ಕಲಮನ್ನು ಸೇರಿಸುವ ಕೆಲಸವನ್ನು ರಾಯಚೂರು ಜಿಲ್ಲೆಯ ಅಧಿಕಾರಿಗಳೇ ಮೊದಲಿಗೆ ಕೈಕೊಂಡು ಇತರ ಜಿಲ್ಲೆಗಳಿಗೆ ಮೇಲ್ಪಂಕ್ತಿಯಾಗುವರೆಂದು ನಾವು ಆಶಿಸುತ್ತೇವೆ.